ಹದಿನೇಳು ವರ್ಷ ಬಿರುಕು ಬಿಡದ ತಾರಸಿ

ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತದೆ. ಉಬ್ಬಿದರೆ ಸುತ್ತಲಿನ ಕಾಂಕ್ರೀಟು ಸೀಳುತ್ತದೆ. ಸೀಳಿದ್ದು ಒಂದು ದಿನ ಕೆಳಗೆ ಬೀಳುತ್ತದೆ. ಇಷ್ಟನ್ನು ತಿಳಿಯಲು ನಾನು ಆರು ವರ್ಷ ಓದಿ, ಹೆಸರಿನ ಮುಂದೆ ಡಾಕ್ಟರ್ ಅಂತ ಅಂಟಿಸಿಕೊಂಡೆ. ಮದುವೆಯಾದ ಹೊಸದರಲ್ಲಿ ಅತ್ತೆ, ನೀನು ಓದಿದ್ದು ಏನು ಎಂದು ಕೇಳಿದಾಗ ಹೆಮ್ಮೆಯಿಂದ ಇದನ್ನೇ ವಿವರಿಸಿದ್ದೆ. ಅವರು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಾ ಪೂರ್ತಿ ಕೇಳಿಸಿಕೊಂಡರು.

“ಇದುನ್ನ ತಿಳ್ಕಳಾಕೆ ಆರು ವರ್ಷ ಬೇಕಾತೇನವ್ವಾ? ನಮ್ಮ ಬಚ್ಚಲ ಬಾಗ್ಲು ಕೊಂಡಿ ನೋಡಿದ್ರೆ ಒಂದಿನದಾಗೆ ಗೊತ್ತಾಗ್ತಿತ್ತಲ್ಲ,” ಎಂದರು.

ಮೈಯೆಲ್ಲ ಉರಿದುಹೋಯಿತು. ನನ್ನ ಕೆಲಸ ಅಷ್ಟು ಸಸ್ತಾ ಅಲ್ಲ. ಕಂಪ್ಯೂಟರಿನಲ್ಲಿ ಕಾಂಕ್ರೀಟನ್ನು ಸಾವಿರಾರು ಸಣ್ಣ ತ್ರಿಕೋನಗಳಾಗಿ ಕತ್ತರಿಸಿ, ನಡುವೆ ಒಂದು ಕಂಬಿ ಇಟ್ಟು, ಅದರ ಸುತ್ತ ತುಕ್ಕನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬೆಳೆಸುತ್ತಾ ಹೋಗುತ್ತೇನೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಕಾಂಕ್ರೀಟು ಸ್ವಲ್ಪ ದಿನ ತಡೆದುಕೊಳ್ಳುತ್ತದೆ, ಆಮೇಲೆ ಇಲ್ಲ. ತಡೆದುಕೊಂಡಿರುವಷ್ಟು ದಿನ ಪರದೆಯ ಮೇಲೆ ತ್ರಿಕೋನಗಳು ನೀಲಿ, ತಡೆಯದಾದಾಗ ಕೆಂಪು. ಕೆಂಪು ಗೆರೆ ಕಂಬಿಯಿಂದ ಹೊರಟು ಹೊರಮೈ ಮುಟ್ಟಿದ ದಿನ ಬಿರುಕಿನ ದಿನ. ಸರಿಯಾದ ಮಾಹಿತಿ ಕೊಟ್ಟರೆ ಅದು ಸರಿಯಾಗಿಯೇ ಹೇಳುತ್ತದೆ. ನಾನು ಕೊಟ್ಟಿದ್ದು ಎಂಥದ್ದು ಎಂಬುದನ್ನು ಈಗ ಹೇಳುತ್ತೇನೆ.

ನಾನು ಹುಟ್ಟಿದ್ದು ಜಗಳೂರು ತಾಲ್ಲೂಕಿನಲ್ಲಿ. ನಮ್ಮ ಕಡೆ ಕೊಳವೆಬಾವಿಯ ನೀರು ಎಷ್ಟು ಉಪ್ಪೆಂದರೆ, ಹೊಸ ನಲ್ಲಿ ಹಾಕಿಸಿದ ವರ್ಷದೊಳಗೇ ಅದರ ಬಾಯಿ ಬೆಳ್ಳಗೆ ಕಟ್ಟಿಕೊಂಡು ತಿರುಪು ಕೈಗೆ ಬರುತ್ತದೆ. ಉಪ್ಪು ಕಬ್ಬಿಣಕ್ಕೆ ಏನು ಮಾಡುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮದುವೆಯಾಗಿ ಬಂದದ್ದು ನ್ಯಾಮತಿಯಿಂದ ಸವಳಂಗಕ್ಕೆ ಹೋಗುವ ದಾರಿಯ ಒಂದು ಹಳ್ಳಿಗೆ. ಇಲ್ಲಿಯ ನೀರು ಸಿಹಿ. ಗಂಡನಿಗೆ ಚನ್ನಗಿರಿಯಲ್ಲಿ ಲೈನ್‌ಮನ್ ಕೆಲಸ, ವಾರಕ್ಕೊಮ್ಮೆ ಬರುತ್ತಾರೆ. ನಾನು ದಿನಾ ಬೆಳಿಗ್ಗೆ ಮೊದಲ ಬಸ್ಸು ಹತ್ತಿ, ಹೊನ್ನಾಳಿಯಲ್ಲಿ ಇನ್ನೊಂದು ಹಿಡಿದು, ದಾವಣಗೆರೆಯ ಕಾಲೇಜಿಗೆ ಪಾಠ ಮಾಡಲು ಹೋಗಿ ಸಂಜೆ ಬರುತ್ತೇನೆ. ಹೀಗಾಗಿ ಮನೆಯಲ್ಲಿ ಇರುವವರು ನಾನೂ ಅತ್ತೆಯೂ. ಊರಲ್ಲಿ ಹಗಲು ಏನು ನಡೆಯುತ್ತದೆ ಎಂಬುದು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಅತ್ತೆ ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಶಾಲೆಗೆ ಒಂದು ಉದ್ದನೆಯ ವರಾಂಡ ಇದೆ, ಮಧ್ಯಾಹ್ನ ಮಕ್ಕಳೆಲ್ಲ ಅಲ್ಲೇ ಎರಡು ಸಾಲಾಗಿ ಊಟಕ್ಕೆ ಕೂರುತ್ತಾರೆ. ಒಂದನೇ ಕ್ಲಾಸಿನವರಿಗೆ ತಟ್ಟೆ ಹಿಡಿದು ದೂರ ನಡೆಯಲು ಬರುವುದಿಲ್ಲ, ಸಾರು ಚೆಲ್ಲಿಕೊಳ್ಳುತ್ತಾರೆ. ಅದಕ್ಕೇ ಅವರ ಜಾಗ ಅಡುಗೆಮನೆಗೆ ಹತ್ತಿರದ ಮೂಲೆ. ಆ ಮೂಲೆಯನ್ನು ನೆನಪಿಟ್ಟುಕೊಳ್ಳಿ.

ಎರಡು ವರ್ಷದ ಕೆಳಗೆ, ಕಟ್ಟಡ ಇನ್ನೂ ಎಷ್ಟು ಕಾಲ ಬಾಳುತ್ತದೆ ಎಂದು ಮೇಲಿನಿಂದ ಶಾಲೆಗೆ ಒಂದು ಕಾಗದ ಬಂತು. ಹೆಡ್‌ಮೇಷ್ಟ್ರು ನೇರ ನಮ್ಮ ಮನೆಗೇ ಬಂದರು. “ಊರಾಗೇ ಡಾಕ್ಟ್ರು ಇರುವಾಗ ನಾವು ಹೊರಗಡೆ ಯಾಕೆ ಹುಡುಕಬೇಕು ಹೇಳ್ರಿ ಮೇಡಂ?” ಎಂದರು. ನಾನು ಬೇಡ ಎನ್ನುವವಳ ಹಾಗೆ ಮುಖ ಮಾಡಿ, ಒಳಗೊಳಗೇ ಹಿಗ್ಗಿ ಹೀರೇಕಾಯಿಯಾದೆ. ಅತ್ತೆಗೆ ನನ್ನ ವಿದ್ಯೆ ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೆಲ್ಲಿ?

ನಮ್ಮಲ್ಲಿ ಯಾರಾದರೂ ಬಂದು ಕಟ್ಟಡ ನೋಡುತ್ತಾರೆ ಎಂದರೆ ಮೊದಲು ಬಣ್ಣ ಹೊಡೆಸುತ್ತಾರೆ. ಕಾಯಿಲೆಯವನಿಗೆ ಸ್ನೋ ಪೌಡರ್ ಹಾಕಿ ಡಾಕ್ಟರ ಮುಂದೆ ಕೂರಿಸಿದ ಹಾಗೆ. ನಾನು ಹೋಗುವ ಹೊತ್ತಿಗೆ ವರಾಂಡದ ಮೇಲ್ಛಾವಣಿ ಬೆಳ್ಳಗೆ ಮಿರಿಮಿರಿ ಮಿಂಚುತ್ತಿತ್ತು. ಒಂದೇ ಒಂದು ಗೆರೆ ಕಾಣಲಿಲ್ಲ. ಕಾಣುವುದೆಲ್ಲಿಂದ ಬಂತು, ಎರಡು ಕೋಟು ಬಳಿದಿದ್ದರು. ಬ್ಯಾಗಿನಿಂದ ಸುತ್ತಿಗೆ ತೆಗೆದೆ. ತಟ್ಟಿ ನೋಡುವುದು ಪದ್ಧತಿ. ಹೆಡ್‌ಮೇಷ್ಟ್ರಿಗೆ ಎದೆ ಒಡೆದಂತಾಯಿತು.

“ಅಯ್ಯೋ ಬ್ಯಾಡ್ರಿ ಮೇಡಂ, ಬಣ್ಣ ಕಿತ್ತು ಬರ್ತತೆ. ನಿನ್ನೆ ತಾನೇ ಮುಗಿಸ್ಯಾರೆ.”

ಹೊಸ ಬಣ್ಣ ಹಾಳು ಮಾಡಲು ನನಗೂ ಮನಸ್ಸು ಬರಲಿಲ್ಲ. ಕಂಬಿ ಎಷ್ಟು ಆಳದಲ್ಲಿದೆ ಎಂದು ಹೇಳುವ ಯಂತ್ರ ತಂದಿದ್ದೆ, ಅದನ್ನು ಅಲ್ಲಲ್ಲಿ ಮುಟ್ಟಿಸಿ ಬರೆದುಕೊಂಡೆ. ಮೆಟ್ಟಿಲು ಹತ್ತಿ ತಾರಸಿಯನ್ನೂ ನೋಡಬೇಕಿತ್ತು. ಬಿಸಿಲು ಚುರುಗುಟ್ಟುತ್ತಿತ್ತು, ಹೊನ್ನಾಳಿ ಬಸ್ಸಿಗೆ ಹೊತ್ತಾಗಿತ್ತು. “ಮೇಲೆ ಏನಾದರೂ ಇದೆಯಾ?” ಎಂದು ಕೇಳಿದೆ. “ಏನೂ ಇಲ್ರಿ,” ಎಂದರು ಹೆಡ್‌ಮೇಷ್ಟ್ರು. ತಾರಸಿಯ ಬಳಕೆ: ಇಲ್ಲ, ಎಂದು ಬರೆದೆ.

ಆಮೇಲೆ ಕಾಲೇಜಿನಲ್ಲಿ ಕೂತು, ಕಂಪ್ಯೂಟರಿನ ಆ ತ್ರಿಕೋನಗಳ ಮಾದರಿಗೆ ಮಾಹಿತಿ ತುಂಬಿದೆ. ಕಂಬಿಯ ದಪ್ಪ, ಆಳ, ಗಾಳಿಯ ತೇವ, ಎಲ್ಲ ಕೊಟ್ಟೆ. ಕೊನೆಗೆ ಒಂದು ಖಾನೆ: ಮೇಲಿನಿಂದ ಇಳಿಯುವ ಉಪ್ಪು ಎಷ್ಟು? ನನಗೆ ನಗು ಬಂತು. ಇದು ಸಮುದ್ರದ ದಂಡೆಯವರಿಗೆ ಇಟ್ಟ ಪ್ರಶ್ನೆ. ನ್ಯಾಮತಿಗೂ ಸಮುದ್ರಕ್ಕೂ ನಡುವೆ ಇಡೀ ಘಟ್ಟ ಅಡ್ಡ ನಿಂತಿದೆ. ಸೊನ್ನೆ ಒತ್ತಿದೆ. ಆಗ ಮಧ್ಯಾಹ್ನದ ಹೊತ್ತು, ಪಕ್ಕದಲ್ಲಿ ಡಬ್ಬಿ ಬಿಚ್ಚಿಟ್ಟುಕೊಂಡಿದ್ದೆ. ಅತ್ತೆ ಕಟ್ಟಿಕೊಟ್ಟ ಮೊಸರನ್ನ, ಜೊತೆಗೆ ಕರಿದ ಬಾಳಕದ ಮೆಣಸಿನಕಾಯಿ. ಒಂದು ಕೈಯಲ್ಲಿ ಬಾಳಕ ಕಡಿಯುತ್ತಾ ಇನ್ನೊಂದು ಕೈಯಲ್ಲಿ ಸೊನ್ನೆ ಒತ್ತಿದ್ದು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ.

ಪರದೆ ನೀಲಿಯೋ ನೀಲಿ. ಇನ್ನೂ ಹದಿನೇಳು ವರ್ಷ ಬಿರುಕಿಲ್ಲ ಎಂದಿತು. ಚಂದದ ಚಿತ್ರಗಳನ್ನು ಹಾಕಿ ವರದಿ ಬರೆದು, ಕಾಲೇಜಿನ ಮುದ್ರೆ ಒತ್ತಿ, ಸಹಿ ಮಾಡಿ ಕೊಟ್ಟೆ. ಹೆಡ್‌ಮೇಷ್ಟ್ರು ಅದರ ಮೊದಲ ಪುಟವನ್ನು ದೊಡ್ಡದು ಮಾಡಿಸಿ, ಹೊನ್ನಾಳಿಯಲ್ಲಿ ದಪ್ಪ ಪ್ಲಾಸ್ಟಿಕ್ ಲ್ಯಾಮಿನೇಷನ್ ಹಾಕಿಸಿ, ವರಾಂಡದ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ನನ್ನ ಹೆಸರು ಅಷ್ಟು ದೊಡ್ಡ ಅಕ್ಷರದಲ್ಲಿ ಮದುವೆ ಕಾಗದದಲ್ಲೂ ಅಚ್ಚಾಗಿರಲಿಲ್ಲ.

ಆರು ತಿಂಗಳಾಗಿರಬೇಕು. ಒಂದು ಸಂಜೆ ಅತ್ತೆ, “ಅಲ್ವೇ, ಆ ಒಂದನೇ ಕ್ಲಾಸಿನ ಹುಡುಗ್ರು ಕೂರಾ ಮೂಲೆಯಾಗೆ ಮ್ಯಾಲೆ ಸದ್ದು ಬ್ಯಾರೆ ಬರ್ತತೆ ಕಣೆ,” ಎಂದರು.

“ಏನು ಸದ್ದು?”

“ಜೇಡ ಹೊಡೀವಾಗ ಗಳ ತಾಕಿದ್ರೆ ಎಲ್ಲಾ ಕಡೆ ಠಣ್ ಅಂತತೆ. ಅಲ್ಲಿ ಮಾತ್ರ ದಬ ದಬ ಅಂತತೆ. ಸಂತೆಯಾಗೆ ಒಡಕು ಮಡಕೆ ಬಡಿದ್ರೆ ಅಂತತಲ್ಲ, ಹಂಗೆ. ಒಂದು ಸಲ ಬಂದು ನೋಡು.”

ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಲೆ ಎತ್ತಲಿಲ್ಲ. “ಅತ್ತೆ, ಅದನ್ನು ನಾನು ಲೆಕ್ಕ ಹಾಕಿ ನೋಡಿದ್ದೀನಿ. ಹದಿನೇಳು ವರ್ಷ ಏನೂ ಆಗಲ್ಲ. ಗಳದಲ್ಲಿ ಬಡಿದು ಹೇಳೋ ಹಾಗಿದ್ದರೆ ನಾವ್ಯಾಕೆ ಓದಬೇಕಿತ್ತು?” ಎಂದೆ.

“ಅದೂ ಸೈ ಬಿಡು. ಓದಿದೋರು ನೀವು,” ಎಂದು ಒಳಗೆ ಹೋದರು. ಅತ್ತೆ ನನ್ನನ್ನು ‘ನೀವು’ ಎಂದದ್ದು ಅದೊಂದೇ ಸಲ. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಅವರು ಅಷ್ಟಕ್ಕೆ ಬಿಡಲಿಲ್ಲ ಎಂದು ಆಮೇಲೆ ತಿಳಿಯಿತು. ಹೆಡ್‌ಮೇಷ್ಟ್ರಿಗೆ ಹೇಳಿದರೆ ಅವರು ಗೋಡೆಯ ಮೇಲಿನ ನನ್ನ ವರದಿ ತೋರಿಸಿದರಂತೆ. ಶಾಲೆಯ ಸಮಿತಿ ಅಧ್ಯಕ್ಷರಿಗೆ ಹೇಳಿದರೆ, “ನಿಮ್ಮ ಸೊಸೇನೇ ಬರ್ಕೊಟ್ಟವ್ಳೆ, ಮನೆಯಾಗೆ ಕೇಳ್ಕಳಮ್ಮ,” ಎಂದರಂತೆ. ಸಣ್ಣ ಮಕ್ಕಳನ್ನು ತಾವೇ ಎಬ್ಬಿಸಿ ಅಂಗಳದಲ್ಲಿ ಕೂರಿಸಿದರೆ, ನಮ್ಮ ಮಕ್ಕಳನ್ನು ಬಿಸಿಲಿಗೆ ಹಾಕುತ್ತಾಳೆ ಎಂದು ಎರಡು ಮನೆಯವರು ಜಗಳಕ್ಕೆ ಬಂದರಂತೆ. ಎಲ್ಲರ ಬಾಯಲ್ಲೂ ನನ್ನ ಹದಿನೇಳು ವರ್ಷ.

ಅದಾದ ಮೇಲೆ ಆ ಮೂಲೆಯಲ್ಲಿ ರಂಗೋಲಿ ಶುರುವಾಯಿತು.

ಸಣ್ಣದೇನಲ್ಲ, ದೊಡ್ಡ ಚುಕ್ಕಿ ರಂಗೋಲಿ. ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅತ್ತೆ ನೆಲಕ್ಕೆ ನೀರು ಹಾಕಿ ಬರೆಯುತ್ತಿದ್ದರು. ರಂಗೋಲಿ ತುಳಿಯಬಾರದು ಎಂಬುದು ಒಂದನೇ ಕ್ಲಾಸಿಗೂ ಗೊತ್ತು. ಮಕ್ಕಳು ತಟ್ಟೆ ಹಿಡಿದು ಅದರ ಸುತ್ತ ಬಳಸಿಕೊಂಡು ಹೋಗಿ ಆಚೆ ಕೂತರು. ಹೆಡ್‌ಮೇಷ್ಟ್ರು, ಶಾಲೆಗೆ ಕಳೆ ಬಂತು ಎಂದು ಹೊಗಳಿದರು. ತಿಂಗಳು ಕಳೆದ ಹಾಗೆ ರಂಗೋಲಿ ದೊಡ್ಡದಾಗುತ್ತಾ ಹೋಯಿತು. ಆಕಾರವೂ ವಿಚಿತ್ರ: ಒಂದು ಕಡೆ ಉದ್ದಕ್ಕೆ ಚಾಚಿಕೊಂಡು, ಇನ್ನೊಂದು ಕಡೆ ಸೊಟ್ಟಗೆ. “ಅತ್ತೆ, ವಯಸ್ಸಾಗ್ತಾ ಆಗ್ತಾ ನಿಮ್ಮ ಕೈ ಸೊಟ್ಟ ಹೋಗ್ತಿದೆ,” ಎಂದು ನಾನು ಛೇಡಿಸಿದ್ದೂ ಉಂಟು. “ಹೂಂ ಕಣವ್ವ, ಸೊಟ್ಟ ಆಗೈತೆ,” ಎಂದಿದ್ದರು ಅಷ್ಟೇ.

ಈ ಬೇಸಿಗೆಯ ಶುರುವಿನಲ್ಲಿ ಹೆಡ್‌ಮೇಷ್ಟ್ರು ನನ್ನನ್ನು ಶಾಲೆಗೆ ಕರೆದರು. ಮಕ್ಕಳಿಗೆ ವಿಜ್ಞಾನದ ಬಗ್ಗೆ ಎರಡು ಮಾತು ಹೇಳಬೇಕಂತೆ. ಹೇಳಿದೆ. ಪ್ರಶ್ನೆ ಕೇಳುವುದೇ ವಿಜ್ಞಾನ, ದೊಡ್ಡವರು ಹೇಳಿದರು ಎಂದು ನಂಬಬೇಡಿ ಎಂದೆಲ್ಲ ಭಾಷಣ ಬಿಗಿದೆ. ನಾಚಿಕೆಯೇ ಇಲ್ಲ ನೋಡಿ ನನಗೆ. ಭಾಷಣ ಮುಗಿಯುವಾಗ ಊಟದ ಹೊತ್ತು. ಮುಖ್ಯ ಅತಿಥಿಯನ್ನು ನೆಲದ ಮೇಲೆ ಕೂರಿಸಲಾದೀತೇ? ಹೆಡ್‌ಮೇಷ್ಟ್ರು ಒಂದು ಕುರ್ಚಿ ತಂದು, ಖಾಲಿ ಇದ್ದ ಒಂದೇ ಜಾಗದಲ್ಲಿ, ರಂಗೋಲಿಯ ಮೇಲೆ ಹಾಕಿದರು. ನಾನು ಕೂತೆ.

ಅತ್ತೆ ಸಾರಿನ ಬಕೆಟ್ ಹಿಡಿದು ಹೊರಗೆ ಬಂದವರು ನನ್ನನ್ನು ನೋಡಿ ಬಕೆಟ್ಟನ್ನು ಅಲ್ಲೇ ಕುಕ್ಕಿದರು. “ಏಯ್, ಎದ್ದೇಳೇ ಅಲ್ಲಿಂದ! ಏಳು ಅಂದ್ರೆ ಏಳು!”

ಇಡೀ ಶಾಲೆ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿತು. ಡಾಕ್ಟರೇಟ್ ಮಾಡಿದ ಸೊಸೆಯನ್ನು ಎಲ್ಲರ ಮುಂದೆ ನಾಯಿ ಅಟ್ಟಿದ ಹಾಗೆ ಅಟ್ಟಿದರಲ್ಲ! ನಾನು ಎದ್ದು ಬಂದೆ, ಆದರೆ ಮುಖ ಕೆಂಡವಾಗಿತ್ತು. “ಒಂದು ರಂಗೋಲಿ ತುಳಿದದ್ದಕ್ಕೆ ಇಷ್ಟಾ ಅತ್ತೆ?” ಎಂದೆ.

“ರಂಗೋಲಿ ಹಾಳಾಗ್ಲಿ ಬಿಡೇ. ಮ್ಯಾಲೆ ನೋಡು.”

“ಮೇಲೆ ಏನಿದೆ? ಹದಿನೇಳು ವರ್ಷ ಅಂತ ಹೇಳಿದ್ದೀನಲ್ಲ. ತೋರಿಸ್ತೀನಿ ಇರಿ.” ಗೋಡೆಗೆ ಜೇಡ ಹೊಡೆಯುವ ಬಿದಿರು ಗಳ ಒರಗಿಸಿತ್ತು. ಮಕ್ಕಳೆಲ್ಲ ದೂರದ ತುದಿಯಲ್ಲಿದ್ದರು. ಗಳ ಎತ್ತಿಕೊಂಡು ದೂರದಿಂದಲೇ ಛಾವಣಿಗೆ ಬಡಿದೆ. ಠಣ್. ಇನ್ನೊಂದು ಹೆಜ್ಜೆ ಬಂದು ಬಡಿದೆ. ಠಣ್. ಅತ್ತೆಯ ಕಡೆ ನೋಡಿ ನಕ್ಕೆ. ರಂಗೋಲಿಯ ಅಂಚಿಗೆ ಬಂದು ಬಡಿದೆ. ದಬ. ಅಂಚಿನಿಂದ ಒಂದು ಗೇಣು ಹೊರಗೆ: ಠಣ್. ಒಂದು ಗೇಣು ಒಳಗೆ: ದಬ. ಸೊಟ್ಟಗೆ ಚಾಚಿದ್ದ ಕಡೆ ಹೋದೆ, ಅಲ್ಲೂ ಅಷ್ಟೇ. ಕೆಳಗೆ ಚುಕ್ಕಿ ಇದ್ದಲ್ಲೆಲ್ಲ ಮೇಲೆ ಟೊಳ್ಳು. ನನ್ನ ನಗು ಎಲ್ಲಿ ಹೋಯಿತೋ. ಹಠಕ್ಕೆ ಬಿದ್ದು ಇನ್ನೊಮ್ಮೆ ಜೋರಾಗಿ ಬಡಿದೆ.

ಅರ್ಧ ಕುರ್ಚಿಯಷ್ಟು ಅಗಲದ ಕಾಂಕ್ರೀಟಿನ ಚಕ್ಕೆ ಕಳಚಿಕೊಂಡು ಬಂದು, ನಾನು ಈಗಷ್ಟೇ ಕೂತಿದ್ದ ಕುರ್ಚಿಯ ಮೇಲೆ ಬಿತ್ತು. ಕುರ್ಚಿ ನಾಲ್ಕೂ ಕಾಲು ಚೆಲ್ಲಿತು. ಧೂಳು ಇಳಿದ ಮೇಲೆ ನೋಡಿದರೆ ಮೇಲೆ ಕಂಬಿಗಳು ಕಾಣುತ್ತಿದ್ದವು. ಕಂಬಿ ಎನ್ನುವುದಕ್ಕೆ ಅಲ್ಲಿ ಉಳಿದದ್ದು ಕಮ್ಮಿ, ಪದರ ಪದರ ತುಕ್ಕೇ ಎಲ್ಲ. ಒಂದನೇ ಕ್ಲಾಸಿನ ಒಂದು ಹುಡುಗಿ ಅಳಲು ಶುರುಮಾಡಿತು. ಅತ್ತೆ ಅದನ್ನು ಎತ್ತಿಕೊಂಡು ಬೆನ್ನು ತಟ್ಟುತ್ತಾ, “ಏನಾಗಿಲ್ಲ ಕಣೇ ಬಂಗಾರ, ಏನಾಗಿಲ್ಲ,” ಎನ್ನುತ್ತಿದ್ದರು. ನಾನು ಗಳ ಕೆಳಗಿಟ್ಟೆ. ಆ ಮಗು ಕೂರಬೇಕಾಗಿದ್ದ ಜಾಗ ಅದು.

“ದಿನಾ ಬೆಳಿಗ್ಗೆ ಬಡೀತಿದ್ದೆ,” ಎಂದರು ಅತ್ತೆ, ಮಗು ಸುಮ್ಮನಾದ ಮೇಲೆ. “ದಬ ಅಂದಲ್ಲಿ ಕೆಳಗೊಂದು ಚುಕ್ಕಿ ಇಡ್ತಿದ್ದೆ. ಯಾರೂ ನನ್ನ ಮಾತು ಕೇಳಲ್ಲ, ರಂಗೋಲಿ ಮಾತಾದ್ರೂ ಕೇಳ್ತಾರೆ ಅಂತ.”

ಇಷ್ಟಾದರೂ ನನ್ನ ತಲೆಯಲ್ಲಿ ತಿರುಗುತ್ತಿದ್ದದ್ದು ಒಂದೇ: ಉಪ್ಪಿಲ್ಲದೆ ಹೀಗೆ ತುಕ್ಕು ಹಿಡಿಯಲು ಸಾಧ್ಯವಿಲ್ಲ. ಎರಡು ವರ್ಷದ ಹಿಂದೆ ಹತ್ತಬೇಕಾಗಿದ್ದ ಮೆಟ್ಟಿಲನ್ನು ಈಗ ಹತ್ತಿದೆ. ಅತ್ತೆ ಹಿಂದೆಯೇ ಬಂದರು. ತಾರಸಿಯ ಬಳಕೆ: ಇಲ್ಲ. ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸೀರೆ ಹಾಸಿ ಬಾಳಕದ ಮೆಣಸಿನಕಾಯಿ ಹರಡಿದ್ದರು. ಸೀಳಿದ ಹಸಿಮೆಣಸಿನಕಾಯಿಯನ್ನು ಉಪ್ಪು ಮಜ್ಜಿಗೆಯಲ್ಲಿ ನೆನೆಹಾಕಿ, ಹಗಲು ಒಣಗಿಸಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಿ, ಹೀಗೆ ವಾರಗಟ್ಟಲೆ. ಊರಲ್ಲಿ ಅಷ್ಟು ಅಗಲದ, ಕೋಳಿ ದನ ಬರದ ಜಾಗ ಇನ್ನೊಂದಿಲ್ಲ. ಆದ್ದರಿಂದ ಶಾಲೆ ಕಟ್ಟಿದಾಗಿನಿಂದ ಊರ ಹೆಂಗಸರೆಲ್ಲರ ಬಾಳಕ, ಸಂಡಿಗೆ, ಉಪ್ಪು ಹಾಕಿದ ಮಾವಿನ ಹೋಳು ಒಣಗುವುದು ಇಲ್ಲೇ. ಅದು ಎಷ್ಟು ಮಾಮೂಲಿ ಎಂದರೆ, ನಾನು ಕೇಳಿದಾಗ ಹೆಡ್‌ಮೇಷ್ಟ್ರಿಗೆ ಹೇಳಬೇಕೆಂದೂ ಅನ್ನಿಸಿರಲಿಲ್ಲ. ಮಜ್ಜಿಗೆಯ ಮಡಕೆಗಳು ಸಾಲಾಗಿ ಆ ಮೂಲೆಯಲ್ಲೇ ಕೂತಿದ್ದವು. ಕೊನೆಗೆ ಉಳಿದ ಉಪ್ಪುನೀರನ್ನೂ ಚೆಲ್ಲುವುದು ಅಲ್ಲೇ. ನೀರು ಹೋಗುವ ಕಿಂಡಿ ಎಂದೋ ಕಟ್ಟಿಕೊಂಡಿತ್ತು. ಘಟ್ಟದಾಚೆಯ ಸಮುದ್ರವನ್ನು ನಮ್ಮ ಹೆಂಗಸರು ಕೊಡದಲ್ಲಿ ತುಂಬಿ ಶಾಲೆಯ ನೆತ್ತಿಗೆ ಹೊತ್ತು ತಂದಿದ್ದರು.

“ಅತ್ತೆ, ಈ ಉಪ್ಪೇ. ಈ ಉಪ್ಪು ಇಳಿದೇ ಕಂಬಿ ತಿಂದಿದ್ದು,” ಎಂದು ಕೂಗಿಬಿಟ್ಟೆ.

ಅತ್ತೆ ಮಡಕೆಗಳನ್ನು ನೋಡಿದರು, ನನ್ನನ್ನು ನೋಡಿದರು. ಅಲ್ಲೇ ಗೋಡೆ ಹಿಡಿದು ಕುಸಿದು ಕೂತರು. “ಹಂಗಾರೆ ಇಷ್ಟು ವರ್ಷದಿಂದ ನಾನೇ ಆ ಹುಡುಗ್ರ ತಲೆ ಮ್ಯಾಲೆ ಕಲ್ಲು ಪೇರಿಸ್ತಿದ್ನೇನೇ?” ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಕಣ್ಣೊರೆಸಿಕೊಂಡು ಕೇಳಿದರು: “ನಿನ್ನ ಲೆಕ್ಕದಾಗೆ ಈ ಉಪ್ಪು ಬಂದಿರಲಿಲ್ವೇನೇ?”

“ಇಲ್ಲ ಅತ್ತೆ. ಸೊನ್ನೆ ಹಾಕಿದ್ದೆ.”

“ದಿನಾ ಡಬ್ಬಿಗೆ ಹಾಕ್ಕೊಡ್ತಿದ್ನಲ್ಲೇ.”



ಮಕ್ಕಳ ಊಟ ಹೊಂಗೆ ಮರದಡಿಗೆ ಹೋಯಿತು. ಆದರೆ ನನ್ನ ವರದಿ ಗೋಡೆಯ ಮೇಲೇ ಇತ್ತು. ಅಧ್ಯಕ್ಷರು ಬಂದು ಅದನ್ನು ಇನ್ನೊಮ್ಮೆ ಓದಿ, ಬಿದ್ದದ್ದು ಬಿತ್ತು, ಉಳಿದ ಕಡೆ ಹದಿನೇಳು ವರ್ಷ ಗ್ಯಾರಂಟಿ ಐತಲ್ಲ, ಸೋಮವಾರದಿಂದ ಮಕ್ಕಳು ಒಳಗೇ ಕೂರಲಿ ಎಂದರು. ಅದು ತಪ್ಪು ಎಂದು ನಾನೇ ಬರೆದುಕೊಡಬೇಕಿತ್ತು. ಬರೆಯಲು ಕೂತರೆ ಕೈ ಓಡದು. ಕಾಲೇಜಿನಲ್ಲಿ ಏನೆನ್ನುತ್ತಾರೆ? ಸಹಿ ನನ್ನದು, ಮುದ್ರೆ ಕಾಲೇಜಿನದು. ನಾಳೆ ನಾಳೆ ಎಂದು ಮೂರು ದಿನ ತಳ್ಳಿದೆ.

ನಾಲ್ಕನೇ ದಿನ, ಶುಕ್ರವಾರ, ಕಾಲೇಜಿನಲ್ಲಿ ಡಬ್ಬಿ ತೆಗೆದರೆ ಬರೀ ಮೊಸರನ್ನ. ಫೋನ್ ಮಾಡಿದೆ.

“ಬಾಳಕ ಯಾಕೆ ಹಾಕಿಲ್ಲ ಅತ್ತೆ?”

“ಹಾಕಿದ್ರೆ ನಿಂಗೆ ಗಂಟ್ಲಾಗೆ ಇಳೀತತೇನೇ?”

ನಾನು ಡಬ್ಬಿಯ ಮುಚ್ಚಳ ಹಾಕಿದೆ.

“ನಂಗೂ ಇಳೀತಿಲ್ಲ,” ಎಂದರು. “ನಾನು ಮಡಕೆ ಎಲ್ಲಾ ಕೆಳಗಿಳಿಸಿ ಬಂದೆ. ಊರ ಹೆಂಗಸ್ರ ಕೈಲೆಲ್ಲಾ ಬೈಸ್ಕಂಡೇ ಇಳಿಸ್ದೆ. ನೀನು ಇಳಿಸಾದು ಒಂದು ಇನ್ನೂ ಗೋಡೆ ಮ್ಯಾಲೈತೆ.”

ಅವತ್ತು ಬಸ್ಸಿನಲ್ಲಿ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದೆ. ಹಿಂದಿನ ವರದಿ ತಪ್ಪು. ತಪ್ಪು ನನ್ನದು. ವರಾಂಡ ಮುಚ್ಚಬೇಕು, ಯಾರೂ ಅದರಡಿ ಕೂರಬಾರದು. ಹೊನ್ನಾಳಿಯಿಂದ ಆಚೆ ರಸ್ತೆ ಕುಲುಕುತ್ತದೆ, ಅಕ್ಷರ ಕೋಳಿ ಕಾಲಿನಂತೆ ಬಂತು. ಮನೆಗೆ ಹೋಗದೆ ಶಾಲೆಯ ಹತ್ತಿರ ಇಳಿದೆ. ಹೆಡ್‌ಮೇಷ್ಟ್ರು ಬೀಗ ಹಾಕುತ್ತಿದ್ದರು. ಹಾಳೆಯನ್ನು ಅವರ ಕೈಗಿತ್ತು, ಗೋಡೆಯ ಮೇಲಿನ ವರದಿಗೆ ಕೈ ಹಾಕಿದೆ. ಮೊಳೆ ಮುರಿದು ಅದರ ಜೊತೆಗೇ ಬಂತು. ಪೂರಾ ತುಕ್ಕು. ಎರಡು ವರ್ಷ ನನ್ನ ಹೆಸರಿನ ನೆತ್ತಿಯ ಮೇಲೆ ಕೂತು ತುಕ್ಕು ಹಿಡಿದಿತ್ತು, ನಾನು ಬರೀ ಹೆಸರನ್ನು ನೋಡುತ್ತಿದ್ದೆ.

ಅತ್ತೆ ಮನೆಯ ಅಂಗಳದಲ್ಲಿ ಮಡಕೆಗಳ ನಡುವೆ ಕೂತಿದ್ದರು. ವರದಿಯನ್ನು ಅವರ ಮುಂದೆ ಇಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿ, ಸೆರಗಿನಿಂದ ಧೂಳು ಒರೆಸಿ ಎತ್ತಿಟ್ಟರು. ಮರುದಿನ ಬೆಳಿಗ್ಗೆ ಬಿಸಿಲು ಬಂದದ್ದೇ ಅದನ್ನು ಅಂಗಳದ ನೆಲಕ್ಕೆ ಹಾಸಿ, ಮಜ್ಜಿಗೆಯಿಂದ ಮೆಣಸಿನಕಾಯಿ ಹಿಂಡಿ ಹಿಂಡಿ ತೆಗೆದು ಅದರ ಮೇಲೆ ಹರಡತೊಡಗಿದರು. ನನ್ನ ಹೆಸರು ಮುಚ್ಚಿತು, ಮುದ್ರೆ ಮುಚ್ಚಿತು.

“ಪ್ಲಾಸ್ಟಿಕ್ಕು ಗಟ್ಟಿ ಐತೆ ಕಣೆ,” ಎಂದರು. “ಇದು ಬರ್ತತೆ ಹದಿನೇಳು ವರ್ಷ.”